ಹನ್ನೊಂದು ಹೊಸ್ತಿಲ ಆಮೆ

೧೪ ಜನವರಿ ೧೯೫೬, ಶನಿವಾರ, ಸಂಕ್ರಾಂತಿ

ಇವರು ಹೊಸ ವರ್ಷಕ್ಕೆಂದು ತಂದುಕೊಟ್ಟ ವಹಿ ಹದಿಮೂರು ದಿನ ಖಾಲಿ ಬಿದ್ದಿತ್ತು. ಮುಲ್ಕಿ ಪರೀಕ್ಷೆ ಪಾಸಾದವಳು ಬರೆಯುವುದನ್ನೇ ಮರೆತರೆ ಗದಗಿನ ನಮ್ಮ ಮಾಸ್ತರರಿಗೆ ಅವಮಾನ. ಇವತ್ತಿನಿಂದ ಬರೆಯುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಇದರ ಜಾಗ ಜೋಳದ ಡಬ್ಬಿಯ ಹಿಂದೆ. ಅಲ್ಲಿಗೆ ಇವರ ಕೈ ಹೋಗುವುದಿಲ್ಲ.

ಸಂಜೆ ನರಹರಿರಾಯರ ಮನೆಯಲ್ಲಿ ಕನ್ನಡ ಸಂಘದ ಎಳ್ಳುಬೆಲ್ಲ. ನಾಗಪುರದ ಅಜನಿಯ ಈ ರೈಲ್ವೆ ಕ್ವಾರ್ಟರ್ಸಿನಲ್ಲಿ ಕನ್ನಡದ ಮನೆ ಹನ್ನೊಂದು. ಹನ್ನೊಂದೂ ಸೇರಿದರೆ ಜಗಳಕ್ಕೆ ಬೇರೆಯವರು ಬೇಕಿಲ್ಲ. ಧಾರವಾಡದ ರಾಯರಿಗೂ ಮೈಸೂರಿನ ವೇಣುಗೋಪಾಲರಿಗೂ ಇವತ್ತು ಸಾರಿಗೆ ಬೆಲ್ಲ ಹಾಕುವ ವಿಷಯದಲ್ಲಿ ಜೋರಾಯಿತು. ಮೈಸೂರಿನವರದು ಕನ್ನಡವೋ ಸಂಗೀತವೋ ಎಂದು ಯಾರೋ ಅಂದರು, ಎಲ್ಲರೂ ನಕ್ಕೆವು. ಪಾಪ, ವೇಣುಗೋಪಾಲರು ಎಂಟು ವರ್ಷದಿಂದ ಈ ನಗೆಯನ್ನು ಕೇಳುತ್ತಲೇ ಬಂದಿದ್ದಾರೆ.

ಕಾಶಿಬಾಯಿ ಏದುಸಿರು ಬಿಡುತ್ತ ಬಂದಳು. ಆರು ತಿಂಗಳು ತುಂಬಿದೆ. ನಿಪ್ಪಾಣಿಯ ಹುಡುಗಿ, ಕಟ್ಟಿಕೊಂಡದ್ದು ಮರಾಠಿಯವನಾದ ಫಿಟ್ಟರ್ ದತ್ತುವನ್ನು. ಅಂದಿನಿಂದ ತವರಿನ ಬಾಗಿಲು ಮುಚ್ಚಿದೆ. ಬಸುರಿಗೆ ತವರಿನವರು ಹಸಿರು ಕುಬಸ ತೊಡಿಸಿ ಉಡಿ ತುಂಬಬೇಕಲ್ಲ, ಅವಳಿಗೆ ಯಾರಿದ್ದಾರೆ? ನಾವು ತುಂಬುತ್ತೇವೆ ಎಂದು ಎಲ್ಲರೆದುರು ನಾನೇ ಹೇಳಿದೆ. ರಥಸಪ್ತಮಿಯ ದಿನ ನಿಶ್ಚಯವಾಯಿತು. ಅವ್ವ ಕಳಿಸಿದ ಹಸಿರು ಗುಳೇದಗುಡ್ಡದ ಖಣ ಟ್ರಂಕಿನಲ್ಲಿದೆ, ಅದನ್ನೇ ಕೊಡುತ್ತೇನೆ. ಕಾಶಿ ನನ್ನ ಕೈ ಹಿಡಿದುಕೊಂಡು ಅತ್ತಳು. ನನಗೂ ಅಳು ಬಂತು, ಖುಷಿಗೆ.

ಪಕ್ಕದ ಮನೆಯ ಲೀಲಾತಾಯಿ ಬೆಳಿಗ್ಗೆಯೇ ಎಳ್ಳುಂಡೆ ಕೊಟ್ಟು ಹೋಗಿದ್ದರು. ನಮ್ಮ ವಸು ಅವರ ಮನೆಯಲ್ಲೇ ಬೆಳೆಯುತ್ತಿದೆ ಅನ್ನಬೇಕು. ನಾಲ್ಕು ವರ್ಷದ ಕೂಸು, ನನಗಿಂತ ಚೆಂದ ಮರಾಠಿ ಮಾತಾಡುತ್ತದೆ.

೧೯ ಜನವರಿ, ಗುರುವಾರ

ಪೇಪರಿನಲ್ಲಿ ಬರೀ ಅದೇ. ಮುಂಬಯಿಯಲ್ಲಿ ಗಲಾಟೆ, ಗೋಲೀಬಾರು. ಬೆಳಗಾವಿಯ ಕಡೆಯೂ ಕಲ್ಲು ಬಿದ್ದವಂತೆ. ಯಾವ ಊರು ಯಾವ ರಾಜ್ಯಕ್ಕೆ ಎಂದು ದಿಲ್ಲಿಯಲ್ಲಿ ಗೆರೆ ಎಳೆಯುತ್ತಿದ್ದಾರೆ.

ಇವರು ಗೂಡ್ಸ್ ಆಫೀಸಿನಿಂದ ಬೇಗ ಬಂದರು. ಆಫೀಸಿನಲ್ಲಿ ಯಾರೂ ಏನೂ ಅಂದಿಲ್ಲ. ಅಂದಿಲ್ಲ ಅನ್ನುವುದೇ ಇವರಿಗೆ ಹೆದರಿಕೆ. ದಿನಾ ಚಹಾಕ್ಕೆ ಕರೆಯುವವರು ಇವತ್ತು ಕರೆಯಲಿಲ್ಲವಂತೆ. ಮರೆತಿರಬಹುದು ಅಂದೆ. ಇವರು ಎದ್ದು ಬಾಗಿಲಿನ ಚಿಲಕ ಅಲುಗಾಡಿಸಿ ನೋಡಿದರು.

ನರಹರಿರಾಯರ ಮನೆಯ ಮೇಲಿದ್ದ ಸಂಘದ ಬೋರ್ಡು ಇಳಿಸಿದ್ದಾರೆ. ಅದಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಕಾಣುತ್ತದೆ. ಬೋರ್ಡು ಇದ್ದಾಗಲೂ ಯಾರೂ ಅಷ್ಟು ನೋಡುತ್ತಿರಲಿಲ್ಲ.

೨೨ ಜನವರಿ, ಭಾನುವಾರ

ಭಜನೆಗೆಂದು ಸೇರಿದೆವು, ಭಜನೆ ಆಗಲಿಲ್ಲ. ರಾಯರು ಕಿಟಕಿ ಹಾಕಿಸಿ ದನಿ ತಗ್ಗಿಸಿ ಮಾತಾಡಿದರು. ಗಂಡಸರು ಡ್ಯೂಟಿಗೆ ಹೋದಾಗ ಗಲಾಟೆಯಾದರೆ ಹೆಂಗಸರು, ಮಕ್ಕಳು ಓಡಿ ಹೋಗಿ ಸೇರುವುದಕ್ಕೆ ನಮ್ಮವರ ಮನೆ ಯಾವುದು ಎಂದು ಗೊತ್ತಿರಬೇಕು. ಕ್ವಾರ್ಟರ್ಸಿನ ಮನೆಗಳೆಲ್ಲ ಒಂದೇ ಅಚ್ಚು. ಹೆಸರಿನ ಹಲಗೆಗಳನ್ನೂ ತೆಗೆದಾಗಿದೆ. ನಮಗಷ್ಟೇ ತಿಳಿಯುವ ಗುರುತು ಬೇಕು.

ರಾಯರ ಹೆಂಡತಿ ವನಜಾಕ್ಷಿಬಾಯಿಯವರು ಉಪಾಯ ಹೇಳಿದರು. ಹನ್ನೊಂದು ಹೊಸ್ತಿಲ ಮುಂದೆಯೂ ದಿನಾ ಒಂದೇ ರಂಗೋಲಿ. ಏಳು ಚುಕ್ಕಿಯ ಆಮೆ. ರಂಗೋಲಿಯನ್ನು ಯಾವ ಗಂಡಸು ನೋಡುತ್ತಾನೆ?

ಕಾಶಿ ಇವತ್ತು ಬಂದಿರಲಿಲ್ಲ, ಕಾಲು ಬಾತಿವೆ. ಅವಳಿಗೆ ಹೇಳಬೇಕೇ ಬೇಡವೇ ಎಂಬ ಮಾತು ಬಂತು. ಗಂಡ ಮರಾಠಿಯವನು, ಮನೆಯಲ್ಲಿ ಮರಾಠಿ. ವೇಣುಗೋಪಾಲರು ತಲೆಯಾಡಿಸಿದರು. “ನೋಡಿ ಸ್ವಾಮಿ, ಒಂದು ಕಾಲು ಆ ಕಡೆ ಇಟ್ಟವರನ್ನು ನಂಬೋದು ಹೇಗೆ?”

ನನಗೆ ತಡೆಯಲಿಲ್ಲ. “ಕಾಶಿ ನಮ್ಮಾಕಿ. ಆಕಿಗೆ ಹೇಳಲಿಲ್ಲಂದ್ರ ನನಗೂ ಹೇಳಬ್ಯಾಡ್ರಿ. ಆಕಿ ಜವಾಬ್ದಾರಿ ನಂದು” ಅಂದೆ. ಕಾಶಿಗೆ ನಾನೇ ಹೋಗಿ ಹೇಳುವುದೆಂದಾಯಿತು. ದಾರಿಯಲ್ಲಿ ಇವರು, ಇಷ್ಟು ಜೋರಾಗಿ ಮಾತಾಡುವ ಅಗತ್ಯವಿರಲಿಲ್ಲ ಅಂದರು.

ಒಂದು ಮಾತು. ವೇಣುಗೋಪಾಲರ ಕನ್ನಡಕ್ಕೆ ಇವತ್ತು ಯಾರೂ ನಗಲಿಲ್ಲ.

೨೩ ಜನವರಿ, ಸೋಮವಾರ

ಆಮೆ ಹಾಕಿದೆ. ಬೆನ್ನು, ನಾಲ್ಕು ಕಾಲು, ತಲೆ. ಬಾಲಕ್ಕೆ ಬಂದಾಗ ಕೈ ತಾನೇ ತಿರುಗಿ ಒಂದು ಸುಳಿ ಹಾಕಿತು. ಅವ್ವ ಹಾಕುತ್ತಿದ್ದುದೇ ಹಾಗೆ, ಯಾವ ಪ್ರಾಣಿ ಬರೆದರೂ ಬಾಲದ ತುದಿಗೆ ಒಂದು ಸುಳಿ. ಅಳಿಸಿ ನೆಟ್ಟಗೆ ಎಳೆಯೋಣವೆಂದರೆ ಚೆಂದ ಕಾಣಲಿಲ್ಲ, ಬಿಟ್ಟೆ.

ನೀರಿಗೆ ಹೋಗುವಾಗ ದಾರಿಯಲ್ಲಿ ಮೂರು ಮನೆಯ ಮುಂದೆ ಆಮೆ ಕಂಡವು. ಎಷ್ಟು ಧೈರ್ಯ ಬಂತೆಂದು ಹೇಳಲಾರೆ. ಮೂಲೆ ಮನೆಯ ಬಳ್ಳಾರಿಯವರ ಜೊತೆ ನಾನು ಎರಡು ವರ್ಷದಿಂದ ಮಾತು ಬಿಟ್ಟಿದ್ದೆ. ಇವತ್ತು ಅವರ ಆಮೆ ನೋಡಿ ಕಣ್ಣು ತುಂಬಿತು, ನಾನೇ ಕರೆದು ಮಾತಾಡಿಸಿದೆ.

೨೫ ಜನವರಿ, ಬುಧವಾರ

ರಂಗೋಲಿ ಹಾಕುತ್ತಿದ್ದಾಗ ಬೆನ್ನ ಹಿಂದೆ ಲೀಲಾತಾಯಿ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. “ಕಿತೀ ಸುಂದರ್ ಕಾಸವ್” ಅಂದರು. ಎಷ್ಟು ಚೆಂದದ ಆಮೆ, ನನಗೂ ಕಲಿಸು ಅಂದರು. ಮುಂದಿನ ವಾರ ಅವರ ಮನೆಯಲ್ಲಿ ಅರಿಶಿಣ ಕುಂಕುಮ, ಅಂಗಳಕ್ಕೆ ಹೊಸದೇನಾದರೂ ಬೇಕಂತೆ.

ಏನು ಮಾಡಲಿ? ಮೂರು ವರ್ಷದಲ್ಲಿ ಅವರು ಕೇಳಿದ್ದಕ್ಕೆ ಇಲ್ಲವೆಂದವಳಲ್ಲ. ಇವತ್ತು ಇಲ್ಲವೆಂದರೆ ಯಾಕೆಂದು ಕೇಳುವುದಿಲ್ಲವೇ? ಅವರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಕೈ ಹಿಡಿದು ಚುಕ್ಕಿ ಇಡಿಸಿದೆ. ಬೆಳಗಾವಿಯ ಗಲಾಟೆಯ ಬಗ್ಗೆ ಅವರು ಏನು ತಿಳಿದಿದ್ದಾರೋ ಎಂದು ಮೆಲ್ಲಗೆ ಮಾತು ತೆಗೆದೆ. ಬೆಳಗಾವಿ ಎಲ್ಲಿದೆ, ಪುಣೆಯಿಂದ ದೂರವೇ ಎಂದು ಕೇಳಿದರು. ಇಲ್ಲಿಯವರಿಗೆ ತಮ್ಮ ವಿದರ್ಭದ್ದೇ ಚಿಂತೆ.

ಒಂದು ಮನೆಯಲ್ಲಿ ಒಂದು ರಂಗೋಲಿ, ಅದರಲ್ಲೇನಿದೆ. ನಾಳೆ ಅಳಿಸಿ ಹೋಗುತ್ತದೆ. ಇವರಿಗೆ ಹೇಳಿಲ್ಲ.

೨೮ ಜನವರಿ, ಶನಿವಾರ

ಮಧ್ಯಾಹ್ನ ಹಂಚಿನ ಮೇಲೆ ಧಡ್ ಎಂದು ಬಿತ್ತು. ವಸುವನ್ನು ಎತ್ತಿಕೊಂಡು ಮಂಚದ ಕೆಳಗೆ ಹೋದೆ. ಕೂಸಿನ ಬಾಯಿಯನ್ನು ಕೈಯಿಂದ ಮುಚ್ಚಿ ಎಷ್ಟೋ ಹೊತ್ತು ಹಾಗೇ ಇದ್ದೆ. ಹೊರಗೆ ಏನೂ ಇಲ್ಲ. ಕೊನೆಗೆ ಇವರು ಬಂದು ನೋಡಿದರೆ ಹಿತ್ತಲಲ್ಲಿ ಒಡೆದ ಬೇಲದ ಹಣ್ಣು. ಮಂಗ ಎಸೆದದ್ದು.

ನಗಬೇಕಾದ ಮಾತು. ಇಬ್ಬರೂ ನಗಲಿಲ್ಲ. ವಸುವಿಗೆ ಹೊರಗೆ ಮಾತಾಡಬೇಡ ಎಂದು ಹೇಳಿದ್ದೇನೆ. ಮರಾಠಿ ಆಡಿದರೆ ನಮ್ಮವರು ನೋಡುತ್ತಾರೆ, ಕನ್ನಡ ಆಡಿದರೆ ಅವರು ನೋಡುತ್ತಾರೆ.

೩೧ ಜನವರಿ, ಮಂಗಳವಾರ

ಲೀಲಾತಾಯಿಯ ಅರಿಶಿಣ ಕುಂಕುಮ. ತಲೆನೋವೆಂದು ಹೋಗಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಬಂದವರೆಲ್ಲ ಅಂಗಳದ ಆಮೆಯ ಸುತ್ತ ನಿಂತು ಚುಕ್ಕಿ ಎಣಿಸುತ್ತಿದ್ದರು. ಒಬ್ಬಾಕೆ ಚೀಟಿಯ ಮೇಲೆ ಬರೆದುಕೊಂಡಳು.

೨ ಫೆಬ್ರವರಿ, ಗುರುವಾರ

ದೇವರೇ. ನಮ್ಮ ಸಾಲಿನಲ್ಲಿ ಹದಿನಾಲ್ಕು ಮನೆ. ಹದಿನಾಲ್ಕರ ಮುಂದೆಯೂ ಆಮೆ.

ಹಿಂದಿನ ಸಾಲಿನಲ್ಲೂ ಒಂಬತ್ತು ಎಣಿಸಿ ಬಂದೆ. ರಂಗೋಲಿ ಹೆಂಗಸರ ಕೈಗೆ ಬಿದ್ದರೆ ಊರು ಸುತ್ತುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ನಾನೇ ಅವ್ವನ ಜೊತೆ ಗದಗಿನ ತೇರಗಡ್ಡಿ ಓಣಿಯೆಲ್ಲ ಸುತ್ತಿ ಕಂಡವರ ಅಂಗಳದಿಂದ ಇಳಿಸಿಕೊಂಡು ಬರುತ್ತಿರಲಿಲ್ಲವೇ?

ಇವರಿಗೆ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಅಂಗಿಯ ಗುಂಡಿ ತಿರುವುತ್ತ ಕೂತು, “ಯಾರ ಮುಂದೂ ಬಾಯಿ ಬಿಡಬ್ಯಾಡ. ಗೊತ್ತಾತಂದ್ರ ಹತ್ತು ಮನಿ ಒಂದಾಗಿ ನಮ್ಮ ಮ್ಯಾಲೆ ತಿರಗತಾವ. ಆ ಮ್ಯಾಲೆ ಈ ಊರಾಗ ನಮಗ ಯಾರದಾರ?” ಅಂದರು.

ಮರಾಠಿಯವರು ಬಾಗಿಲು ಬಡಿದಾರು ಎಂದು ಎರಡು ವಾರದಿಂದ ಹೆದರುತ್ತಿದ್ದೆ. ಇವತ್ತು ಬಾಗಿಲು ಬಡಿದ ಸದ್ದಾದಾಗ ನರಹರಿರಾಯರು ಬಂದರೋ ಎಂದು ಹೆದರಿದೆ. ಹಾಲಿನವನು.

೫ ಫೆಬ್ರವರಿ, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹನ್ನೊಂದು ಮನೆಯವರೂ ಬಂದಿದ್ದರು. ಕಾಶಿಯೂ, ಬಾತ ಕಾಲು ಎಳೆದುಕೊಂಡು, ಕುಬಸದ ದಿನ ಏನೇನು ಅಡಿಗೆ ಎಂದು ಕೇಳುತ್ತ. ರಾಯರು ಅವಳ ಕಡೆ ನೋಡದೆ ಮಾತು ಶುರು ಮಾಡಿದರು. ಗುರುತು ಹೊರಗೆ ಹೋಗಿದೆ. ತಾನಾಗಿ ಹೋಗಿಲ್ಲ, ಯಾರೋ ಕೊಟ್ಟಿದ್ದಾರೆ. ನಮ್ಮನ್ನು ಗುರುತಿಸುವುದಕ್ಕೆ ಅವರಿಗೆ ಈಗ ಸುಲಭ. ಎಲ್ಲ ಮನೆಯಲ್ಲೂ ಆಮೆ ಇದ್ದರೆ ಗುರುತಿಸುವುದು ಹೇಗೆ ಸುಲಭ ಎಂದು ನನಗೆ ತಿಳಿಯಲಿಲ್ಲ. ಬೇರೆ ಯಾರೂ ಕೇಳಲೂ ಇಲ್ಲ. ಹೆದರಿದಾಗ ಲೆಕ್ಕ ಯಾರಿಗೆ ಬೇಕು.

ವೇಣುಗೋಪಾಲರು ಎದ್ದು ನಿಂತು ತಾನು ಮೊದಲೇ ಹೇಳಿದ್ದೆ ಅಂದರು. ಒಬ್ಬೊಬ್ಬರೇ ಕಾಶಿಯ ಕಡೆ ತಿರುಗಿದರು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ನಾ ಯಾರಿಗೂ ತೋರಿಸಿಲ್ರಿ” ಅಂದಳು, ಅಷ್ಟೇ.

ಅನಂತರ ನನ್ನ ಕಡೆ ನೋಡಿದಳು. ಅವಳ ಜವಾಬ್ದಾರಿ ನನ್ನದು ಅಂದವಳು ನಾನಲ್ಲವೇ, ಎಲ್ಲರೂ ನನ್ನ ಕಡೆಗೇ ನೋಡಿದರು. ಇವರು ನನ್ನ ಸೆರಗಿನ ತುದಿಯನ್ನು ಚಾಪೆಯ ಮೇಲೆ ಒತ್ತಿ ಹಿಡಿದಿದ್ದರು. ನಾನು ತಲೆ ತಗ್ಗಿಸಿದೆ.

ಇನ್ನು ಮೇಲೆ ಕಾಶಿಬಾಯಿ ಸಭೆಗೆ ಬರುವುದು ಬೇಡ ಎಂದು ರಾಯರು ಹೇಳಿದರು. ಸಿಟ್ಟಿನಿಂದಲ್ಲ, ಮರ್ಯಾದೆಯಿಂದಲೇ ಹೇಳಿದರು. ವನಜಾಕ್ಷಿಬಾಯಿಯವರು ಅವಳಿಗೆ ಕುಂಕುಮ ಹಚ್ಚಿ ಕಳಿಸಿದರು. ಕುಬಸದ ಮಾತು ಯಾರೂ ಎತ್ತಲಿಲ್ಲ.

೬ ಫೆಬ್ರವರಿ, ಸೋಮವಾರ

ಆಮೆ ಹಾಕುವುದನ್ನು ನಿಲ್ಲಿಸಿದ್ದೇವೆ. ಜ್ವರ ಬಂದ ಹಾಗಿದೆ.

೯ ಫೆಬ್ರವರಿ, ಗುರುವಾರ

ಕಾಶಿ ಹೋದ ಮೇಲೆ ಸಂಘ ಗಟ್ಟಿಯಾಗಿದೆ. ಇದನ್ನು ಬರೆಯಲು ನಾಚಿಕೆ, ಆದರೆ ನಿಜ. ದಿನಾ ಯಾರಾದರೂ ಬಂದು ವಿಚಾರಿಸುತ್ತಾರೆ. ವೇಣುಗೋಪಾಲರ ಮನೆಯಿಂದ ಬಿಸಿಬೇಳೆ ಬಂತು, ನಮ್ಮಿಂದ ಅಗಸಿ ಚಟ್ನಿ ಹೋಯಿತು. ಸಾರಿನ ಬೆಲ್ಲಕ್ಕೆ ಯಾರ ತಕರಾರೂ ಇಲ್ಲ. ಇಷ್ಟು ಒಗ್ಗಟ್ಟನ್ನು ನಾನು ಕಂಡೇ ಇರಲಿಲ್ಲ.

ಮಾತಾಡುವಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಮಾತಾಡುತ್ತಾರೆ. ನಾನೂ.

೧೪ ಫೆಬ್ರವರಿ, ಮಂಗಳವಾರ

ನಳದ ಹತ್ತಿರ ಕಾಶಿ ಸಿಕ್ಕಳು. ತಿರುಗಿ ಬಂದುಬಿಡೋಣವೆಂದರೆ ಕೊಡ ಅರ್ಧ ತುಂಬಿತ್ತು. ಸುತ್ತ ನಮ್ಮವರು ಯಾರಾದರೂ ಇದ್ದಾರೋ ಎಂದು ಮೊದಲು ನೋಡಿದೆ. ಅವಳಿಗೆ ಅದು ತಿಳಿಯಿತು. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಹತ್ತಿರ ಬಂದು ಮೆಲ್ಲಗೆ ಅಂದಳು:

“ನಿನ್ನ ಕೈ ನನಗ ಗೊತ್ತಿಲ್ಲೇನ, ನೀಲಕ್ಕ? ಆ ಮಂದಿ ಅಂಗಳದಾಗಿನ ಆಮೆಗೆಲ್ಲಾ ಬಾಲಕ್ಕ ಸುಳಿ ಐತಿ. ಹನ್ನೊಂದು ಮನ್ಯಾಗ ಸುಳಿ ಹಾಕಾಕಿ ನೀ ಒಬ್ಬಾಕಿ.”

ನಳದ ಕಟ್ಟೆಯ ಮೇಲೆ ಕೂತೆ. ಹಾಗಾದರೆ ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಬೇಕಂತ ಬಾಯಿ ತೆಗೆದಿದ್ದೆ. ನಿನ್ನ ಮಾರಿ ನೋಡಿ ಬಿಟ್ಟೆ. ನನಗ ಹೋಗಾಕ ಗಂಡನ ಮಂದಿ ಅದಾರ. ನಿನಗ ಯಾರದಾರ?”

ಕೊಡ ತುಂಬಿ ಹರಿಯುತ್ತಿತ್ತು. ಅವಳೇ ನಳ ತಿರುಗಿಸಿ ನಿಲ್ಲಿಸಿ ಹೋದಳು.

ನಾಳೆ ರಾಯರ ಮನೆಗೆ ಹೋಗಿ ಹೇಳಿಬಿಡುತ್ತೇನೆ. ಖಂಡಿತ ಹೇಳುತ್ತೇನೆ. ಇವರು ಬೈದರೂ ಸರಿ.

೧೭ ಫೆಬ್ರವರಿ, ಶುಕ್ರವಾರ

ಹೇಳಿಲ್ಲ. ಬುಧವಾರ ರಾಯರ ಮನೆಯ ಮೆಟ್ಟಿಲವರೆಗೆ ಹೋಗಿದ್ದೆ. ಒಳಗೆ ಎಲ್ಲರ ನಗು ಕೇಳಿಸಿತು. ನನ್ನನ್ನು ನೋಡಿ ಬಾ ನೀಲವ್ವ ಎಂದು ಜಾಗ ಮಾಡಿಕೊಟ್ಟರು. ಕೂತು ಶಾವಿಗೆ ಹೊಸೆದು ಬಂದೆ.

ಟ್ರಂಕಿನಿಂದ ಖಣ ತೆಗೆದು ನೋಡಿದೆ. ಮಡಿಸಿ ಮತ್ತೆ ಒಳಗಿಟ್ಟೆ. ನಾಳೆ ರಥಸಪ್ತಮಿ.

೧೮ ಫೆಬ್ರವರಿ, ಶನಿವಾರ

ಕಾಶಿಯ ಉಡಿ ತುಂಬಿದರು. ನಾವಲ್ಲ. ಲೀಲಾತಾಯಿ ಮತ್ತು ನಮ್ಮ ಸಾಲಿನ ಮರಾಠಿ ಹೆಂಗಸರು. ಅವರಲ್ಲಿ ಇದಕ್ಕೆ ಬೇರೆ ಹೆಸರಿದೆ, ಬಯಕೆ ಊಟ ಅನ್ನುವ ಹಾಗೆ. ತವರಿಲ್ಲದ ಹುಡುಗಿ ಎಂದು ದತ್ತುವಿನಿಂದ ತಿಳಿದು ತಾವೇ ಮುಂದಾದರಂತೆ. ಹಿಂದಿನ ಸಾಲಿನ ಅವಳ ಅಂಗಳ ನಮ್ಮ ಹಿತ್ತಲಿನಿಂದ ಕಾಣುತ್ತದೆ. ಹೂವು ಮುಡಿಸಿ, ಹಸಿರು ಬಳೆ ತೊಡಿಸಿ, ತೂಗುಮಣೆಯ ಮೇಲೆ ಕೂರಿಸಿ ಹಾಡು ಹೇಳಿದರು.

ಅಂಗಳ ತುಂಬ ದೊಡ್ಡ ಆಮೆ ಬಿಡಿಸಿದ್ದರು, ಕುಂಕುಮ ಅರಿಶಿಣ ತುಂಬಿ. ಬಾಲಕ್ಕೆ ನನ್ನ ಅವ್ವನ ಸುಳಿ.

ಲೀಲಾತಾಯಿ ನನ್ನನ್ನೂ ಕರೆಯುವುದಕ್ಕೆ ಬೆಳಿಗ್ಗೆ ಬಂದಿದ್ದರು. ನಾನು ಬಾಗಿಲು ತೆರೆಯಲಿಲ್ಲ. ವಸು ಬಾಗಿಲ ಕಡೆ ಓಡಿತು, ಎಳೆದುಕೊಂಡೆ. ಅವರು ಎರಡು ಸಲ ನನ್ನ ಹೆಸರು ಕೂಗಿ, ಕುಂಕುಮದ ಬಟ್ಟಲಿನಿಂದ ಹೊಸ್ತಿಲಿಗೆ ಒಂದು ಬೊಟ್ಟಿಟ್ಟು ಹೋದರು. ನಮ್ಮವರು ಯಾರಾದರೂ ನೋಡುವ ಮೊದಲು ಅದನ್ನು ಒರೆಸಿದೆ.

೨೦ ಫೆಬ್ರವರಿ, ಸೋಮವಾರ

ಮುಂಬಯಿ ತಣ್ಣಗಾಗಿದೆ. ಬೆಳಗಾವಿಯ ಸುದ್ದಿ ಪೇಪರಿನ ಒಳಪುಟಕ್ಕೆ ಹೋಗಿದೆ. ಇವರನ್ನು ಆಫೀಸಿನವರು ಮತ್ತೆ ಚಹಾಕ್ಕೆ ಕರೆದರಂತೆ. ಅವತ್ತು ಕರೆಯದವನಿಗೆ ಹಲ್ಲುನೋವಿತ್ತಂತೆ. ನಾಗಪುರದಲ್ಲಿ ನಮ್ಮ ಮೇಲೆ ಒಂದು ಕಲ್ಲೂ ಬೀಳಲಿಲ್ಲ, ಆ ಮಂಗನ ಬೇಲದ ಹಣ್ಣೊಂದು ಬಿಟ್ಟು.

ಆದರೂ ಹೊಸ ಗುರುತು ಬೇಕೆಂದು ರಾಯರು ಹೇಳಿ ಕಳಿಸಿದ್ದಾರೆ. ಮೈಮರೆಯುವ ಕಾಲವಲ್ಲ ಅಂದರಂತೆ. ನಾಳೆ ಹೆಂಗಸರೆಲ್ಲ ಸೇರಬೇಕು.

೨೧ ಫೆಬ್ರವರಿ, ಮಂಗಳವಾರ

ವನಜಾಕ್ಷಿಬಾಯಿಯವರ ನಡುಮನೆಯಲ್ಲಿ ಹತ್ತು ಜನ ಕೂತಿದ್ದೆವು. ಈ ಸಲ ದೀಪ ಎಂದು ನಿಶ್ಚಯವಾಯಿತು, ಐದು ಚುಕ್ಕಿಯ ದೀಪ. ನೀಲವ್ವನ ಕೈ ಚಲೋ, ಅವಳೇ ಹಾಕಿ ತೋರಿಸಲಿ ಅಂದರು. ನಾನು ಚುಕ್ಕಿ ಇಟ್ಟು ಎಳೆ ಎಳೆದೆ. ಕುಡಿಯ ಹತ್ತಿರ ಬಂದಾಗ ವನಜಾಕ್ಷಿಬಾಯಿಯವರು ನನ್ನ ಮಣಿಕಟ್ಟು ಮೆಲ್ಲಗೆ ಹಿಡಿದರು.

“ಈ ಸಲ ಸುಳಿ ಹಾಕಬ್ಯಾಡ, ನೀಲವ್ವ” ಅಂದರು.

ತಲೆ ಎತ್ತಿ ನೋಡಿದೆ. ಬಳ್ಳಾರಿಯವರು ಬತ್ತಿ ಹೊಸೆಯುತ್ತಿದ್ದರು. ವೇಣುಗೋಪಾಲರ ಹೆಂಡತಿ ತಮ್ಮ ಕೂಸಿನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು. ಯಾರಿಗೂ ಅಚ್ಚರಿಯಾಗಿರಲಿಲ್ಲ. ರಂಗೋಲಿಯನ್ನು ಗಂಡಸರು ನೋಡುವುದಿಲ್ಲ, ಹೆಂಗಸರು ನೋಡದೆ ಇರುತ್ತಾರೆಯೇ? ಐದನೆಯ ತಾರೀಖು ಈ ಮನೆಯಲ್ಲಿ ಕಾಶಿ ನಿಂತಿದ್ದಾಗಲೂ ಇವರೆಲ್ಲರಿಗೂ ಗೊತ್ತಿತ್ತು.

ಯಾರೋ ಮೆಲ್ಲಗೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಪ್ರೀತಿಯಿಂದಲೇ. ಹೋಗಲಿ ಬಿಡು, ನೀ ನಮ್ಮಾಕಿ ಅಂದರು. ನಾನೂ ನಕ್ಕೆ. ನಕ್ಕ ಮೇಲೆ ಎದೆಯ ಭಾರ ಇಳಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಕುಡಿಯನ್ನು ನೆಟ್ಟಗೆ ಎಳೆದು ಮುಗಿಸಿದೆ. ಎಲ್ಲರೂ ಚೆಂದ ಬಂತು ಅಂದರು. ಹೊರಡುವಾಗ ವನಜಾಕ್ಷಿಬಾಯಿಯವರು ಆ ಹಸಿರು ಖಣದ ವಿಷಯ ಕೇಳಿದರು, ಬಳ್ಳಾರಿಯವರ ಸೊಸೆಗೆ ಮೂರು ತಿಂಗಳಂತೆ. ಕೊಡುತ್ತೇನೆ ಅಂದೆ.

ಮನೆಗೆ ಬಂದರೆ ವಸು ಉಳಿದ ರಂಗೋಲಿ ಪುಡಿಯಿಂದ ಹೊಸ್ತಿಲ ಹೊರಗೆ ಏನೋ ಬರೆಯುತ್ತ ಕೂತಿತ್ತು. ಸೊಟ್ಟ ಬೆನ್ನು, ಮೂರೇ ಕಾಲು, ಬಾಲಕ್ಕೆ ಒಂದು ಸುಳಿ. ಎಲ್ಲಿ ಕಲಿತೆ ಎಂದು ಕೇಳಿದೆ. ಕೂಸು ಮೊದಲು ರಸ್ತೆಯ ಕಡೆ ನೋಡಿತು, ಆಮೇಲೆ ಲೀಲಾತಾಯಿಯ ಬಾಗಿಲಿನ ಕಡೆ. ಮಾತಾಡಲಿಲ್ಲ. ತನ್ನ ಎರಡೂ ಅಂಗೈಯಿಂದ ತಾನೇ ಆಮೆಯನ್ನು ಒರೆಸಿ, ಒಳಗೆ ಬಂದು, ಬಾಗಿಲು ಹಾಕಿತು.

ಜಾಣೆ ಎಂದು ಎತ್ತಿಕೊಂಡು ಮುದ್ದು ಕೊಟ್ಟೆ.